ಬೇಲಿ ಗೂಟ ಎಲ್ಲಿಂದ ತರ್ತೀರಾ?

ಜೀವಬೇಲಿ ಹಾಕಬೇಕು ಅಂತ ಹೊರಟವರು ಮೊದಲು ಕೇಳೋದು "ಯಾವ ಗಿಡ ಹಾಕಲಿ?" ಅಂತ. ಆಮೇಲೆ "ತಂತಿ ಎಷ್ಟು ಸಾಲು ಎಳೀಬೇಕು?" ಅಂತ. ಗೂಟ ಎಲ್ಲಿಂದ ತರೋದು ಅನ್ನೋದು ಕೊನೆಗೆ ಬರುತ್ತೆ, ಅದೂ ಲಗೇಜ್ ಆಟೋ ಬಾಡಿಗೆ ಮಾತಾಡುವಾಗ. ನನ್ನ ಪ್ರಕಾರ ಈ ಕ್ರಮ ತಿರುಗಾಮುರುಗಾ ಆಗಿದೆ. ಗೂಟದ ಲೆಕ್ಕ ಮೊದಲು ಆಗಬೇಕು. ಗೂಟ ಇಲ್ಲದಿದ್ರೆ ಎಂಥ ಒಳ್ಳೆ ಗಿಡ ಹಾಕಿದ್ರೂ ಅದು ಪೊದೆ ಆಗುತ್ತೆ, ಬೇಲಿ ಆಗಲ್ಲ.

ಇನ್ನೂ ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡಿ. ನಮ್ಮ ದೊಡ್ಡನೆಕ್ಕುಂದಿ ಸುತ್ತ ಬೇಲಿ ಹೋಗಿದ್ದಕ್ಕೆ ಕಾರಣ ಕೇಳಿದ್ರೆ ಎಲ್ಲರೂ ಇಂಡಸ್ಟ್ರಿಯಲ್ ಏರಿಯಾ, ರಿಂಗ್ ರೋಡು, ಟೆಕ್ ಪಾರ್ಕು ಅಂತಾರೆ. ಜಮೀನು ಹೋದ ಕಡೆ ಅದು ನಿಜ. ಆದ್ರೆ ಅಲ್ಲೊಂದು ಇಲ್ಲೊಂದು ಜಮೀನು ಉಳಿದಿದೆಯಲ್ಲ, ಸೊಪ್ಪು ಬೆಳೀತಾರಲ್ಲ, ಅಲ್ಲಿ ಯಾಕೆ ಬೇಲಿ ಇಲ್ಲ? ಹರಿದ ಸೀರೆ, ಹಳೇ ಫ್ಲೆಕ್ಸು, ತುಕ್ಕು ಹಿಡಿದ ತಗಡು ಕಟ್ಟಿರ್ತಾರೆ. ಕಾರಣ ಸರಳ. ಗೂಟ ಕೊಡೋ ಬೇಲಿಗಳು ಊರಲ್ಲಿ ಉಳಿದಿಲ್ಲ. ಒಬ್ಬರು ಹಳೇ ಬೇಲಿ ಕಿತ್ತು ಸಿಮೆಂಟ್ ಸ್ಲ್ಯಾಬ್ ನಿಲ್ಲಿಸಿದ್ರೆ ಅವರ ಬೇಲಿ ಜೊತೆ ಸುತ್ತಮುತ್ತ ಮುಂದೆ ಆಗಬೇಕಿದ್ದ ಹತ್ತು ಬೇಲಿಯ ಗೂಟವೂ ಜೆಸಿಬಿ ಬಾಯಿಗೆ ಹೋಯ್ತು.

ಹೊಸದಾಗಿ ಮಾಲೂರು, ಹೊಸಕೋಟೆ ಕಡೆ ಒಂದೆರಡು ಎಕರೆ ತಗೊಂಡವರು ಈ ಪುಟ ಓದ್ತಾರೆ, ಅವರಿಗೋಸ್ಕರ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ಕಡೆ ಕಟ್ಟಿದ ಬೇಲಿ ಅಂದ್ರೆ ಮೂರು ಸಾಮಾನು. ಬದುವಿನ ಮೇಲೆ ಸಾಲಾಗಿ ಗೂಟ. ಗೂಟದ ನಡುವೆ ಲಕ್ಕಿ, ಕಾರೆ, ಸೀಮೆಹುಣಸೆ, ಎಲ್ಲೆಂದರಲ್ಲಿ ಹುಟ್ಟೋ ಲಂಟಾನ, ಇಂಥ ಗಿಡಗಳ ಉದ್ದನೆ ರೆಂಬೆಯನ್ನ ಬಗ್ಗಿಸಿ ಒಂದರ ಮೇಲೊಂದು ಮಲಗಿಸಿರೋದು. ಮೇಲೆ ಎರಡೂ ಕಡೆಯಿಂದ ಬಿದಿರು ದಬ್ಬೆ ಅಮರಿಸಿ ಕತ್ತಾಳೆ ನಾರಲ್ಲಿ ಬಿಗಿ. ಗಿಡ ನೆಟ್ಟಗೆ ಬೆಳೆದ್ರೆ ಎರಡು ವರ್ಷಕ್ಕೆ ಬುಡ ಬೋಳಾಗುತ್ತೆ, ಆಡು ಸಲೀಸಾಗಿ ನುಗ್ಗುತ್ತೆ. ಮಲಗಿಸಿದ್ರೆ ಬಗ್ಗಿದ ಕೊಂಬೆಯ ಉದ್ದಕ್ಕೂ ಚಿಗುರು ಬಂದು ಬುಡ ತುಂಬುತ್ತೆ. ಮಲಗಿಸಿದ್ದು ಅಲ್ಲೇ ನಿಲ್ಲೋಕೆ ಗೂಟ ಬೇಕು. ಇಷ್ಟೇ ಇದರ ವಿದ್ಯೆ.

ಇದನ್ನೇ ಇಂಗ್ಲೆಂಡಿನ ರೈತರು ದೊಡ್ಡ ಕಸುಬಾಗಿ ಮಾಡ್ಕೊಂಡಿದ್ದಾರೆ. ಅವರು ಬರೀ ಬಗ್ಗಿಸಲ್ಲ. ಕಾಂಡದ ಬುಡಕ್ಕೆ ಮಚ್ಚಿನಿಂದ ಓರೆಯಾಗಿ ಮುಕ್ಕಾಲು ಪಾಲು ಕಚ್ಚು ಹಾಕಿ, ತೊಗಟೆ ಮತ್ತು ಸ್ವಲ್ಪ ಮರ ಮಾತ್ರ ಉಳಿಸಿ ಮಲಗಿಸ್ತಾರೆ. ಕಚ್ಚಿನ ಬುಡದಿಂದ ಹೊಸ ಚಿಗುರು ಏಳುತ್ತೆ. ಒಂದೂವರೆ ಅಡಿಗೊಂದರಂತೆ ಸುಮಾರು ಐದಡಿ ಉದ್ದದ ಗೂಟ, ಮೇಲೆ ಬಳುಕೋ ಕಡ್ಡಿಗಳ ಹೆಣಿಗೆ. ಗೂಟಕ್ಕೆ ಅವರು ಹೆಚ್ಚಾಗಿ ಬಳಸೋದು ಹೇಜಲ್ ಅನ್ನೋ ಗಿಡ. ಅದನ್ನ ಏಳೆಂಟು ವರ್ಷಕ್ಕೊಮ್ಮೆ ಬುಡಕ್ಕೆ ಕಡೀತಾರೆ, ಅದು ಮತ್ತೆ ಹತ್ತಾರು ನೇರ ಕೋಲು ಎಬ್ಬಿಸುತ್ತೆ. ಈ ಕಸುಬು ಉಳಿಸೋಕೆ 1978ರಲ್ಲಿ ಒಂದು ಸಂಘವನ್ನೇ ಕಟ್ಟಿದ್ರು. ಹೊಗಳೋಕೆ ಇದನ್ನ ಹೇಳ್ತಿಲ್ಲ. ಒಂದು ಮುಖ್ಯ ವ್ಯತ್ಯಾಸ ಇದೆ. ಅವರ ಗೂಟ ಸತ್ತ ಕೋಲು. ಬೇಲಿ ಹೆಣೆದುಕೊಳ್ಳೋವರೆಗೆ ಮೂರ್ನಾಲ್ಕು ವರ್ಷ ನಿಂತು ಆಮೇಲೆ ಕೊಳೆತು ಹೋದ್ರೂ ಅಡ್ಡಿಯಿಲ್ಲ. ನಮ್ಮ ಕೆಮ್ಮಣ್ಣಿನಲ್ಲಿ ಸತ್ತ ಕೋಲು ಊರಿದ್ರೆ ಮೂರ್ನಾಲ್ಕು ವರ್ಷ ಕಾಯೋ ವ್ಯವಧಾನ ಗೆದ್ದಲಿಗೆ ಇಲ್ಲ. ಒಂದು ಮಳೆಗಾಲ, ಹೆಚ್ಚಂದ್ರೆ ಎರಡು. ಆಮೇಲೆ ಕೈಯಲ್ಲಿ ಹಿಡಿದು ಎತ್ತಿದ್ರೆ ನೆಲದೊಳಗಿನ ಭಾಗವೇ ಇರಲ್ಲ. ಅದಕ್ಕೇ ನಮ್ಮ ಹಿಂದಿನವರು ಬದುಕೋ ಗೂಟ ಹುಡುಕಿದ್ದು. ಬೇರು ಬಿಟ್ಟ ಗೂಟದ ತಂಟೆಗೆ ಗೆದ್ದಲು ಅಷ್ಟಾಗಿ ಬರಲ್ಲ.

ಈಗ ಲೆಕ್ಕ. ಚೌಕಾಕಾರದ ಒಂದು ಎಕರೆ ಅಂದ್ರೆ ಒಂದೊಂದು ಮಗ್ಗುಲು ಹತ್ತಿರ ಹತ್ತಿರ 209 ಅಡಿ, ಸುತ್ತಳತೆ ಸುಮಾರು 835 ಅಡಿ. ನಾಲ್ಕಡಿಗೊಂದು ಗೂಟ ಅಂದ್ರೂ 209 ಗೂಟ. ಇಂಗ್ಲೆಂಡಿನ ಲೆಕ್ಕದಲ್ಲಿ ಒಂದೂವರೆ ಅಡಿಗೊಂದು ಹಾಕಿದ್ರೆ 550 ದಾಟುತ್ತೆ. ನಮ್ಮ ಜಮೀನು ಯಾವತ್ತೂ ಚೌಕ ಇರಲ್ಲ, ಪಾಲಾಗಿ ಪಾಲಾಗಿ ಪಟ್ಟೆ ಪಟ್ಟೆ ಆಗಿರುತ್ತೆ, ಪಟ್ಟೆ ಉದ್ದ ಆದಷ್ಟೂ ಸುತ್ತಳತೆ ಜಾಸ್ತಿ. ಅಣ್ಣ ತಮ್ಮಂದಿರ ಪಾಲಿಗೆ ಬಂದ ಹತ್ತು ಗುಂಟೆ ಪಟ್ಟೆಗೆ ಬೇಲಿ ಹಾಕೋನು ಒಂದು ಎಕರೆಯವನ ಅರ್ಧಕ್ಕಿಂತ ಜಾಸ್ತಿ ಗೂಟ ಹುಡುಕಬೇಕು.

ಈ ಇನ್ನೂರು ಗೂಟ ಇವತ್ತು ಎಲ್ಲಿ ಸಿಗುತ್ತೆ?

ನೀಲಗಿರಿ ಕೋಲು ಸಿಗುತ್ತೆ. ಕೋಲಾರದ ಕಡೆ ಟೊಮ್ಯಾಟೊಗೆ ಊರೋ ಕೋಲುಗಳಲ್ಲಿ ನೀಲಗಿರಿ ಬಹಳ. ಟೊಮ್ಯಾಟೊಗೆ ಅದು ಸರಿ, ನಾಲ್ಕು ತಿಂಗಳ ಬೆಳೆ, ಕಿತ್ತು ಒಣಗಿಸಿ ಮತ್ತೆ ಬಳಸಬಹುದು. ಬೇಲಿಗೆ ಅದು ಗೆದ್ದಲಿಗೆ ಹಾಕಿದ ಊಟ. ಅಲ್ಲದೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನೇ ನಿಲ್ಲಿಸಿದೆ. ಅಂತರ್ಜಲದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಅಂದಮೇಲೆ ನಮ್ಮ ಬೇಲಿಯ ಭವಿಷ್ಯವನ್ನ ನೀಲಗಿರಿ ಮೇಲೆ ನಿಲ್ಲಿಸೋದು ಬುದ್ಧಿವಂತಿಕೆ ಅಲ್ಲ.

ಸರ್ವೆ ಕಂಬ ಗಟ್ಟಿ, ನೇರ. ಬಿಲ್ಡಿಂಗ್ ಕೆಲಸಕ್ಕೆ ಅಂತ ನೆಲ್ಲೂರು, ಕಡಲೂರು ಕಡೆಯ ಕರಾವಳಿಯಲ್ಲಿ ಬೆಳೆದ ಸರ್ವೆ ಬೆಂಗಳೂರಿಗೆ ಲಾರಿಗಟ್ಟಲೆ ಬರ್ತಿತ್ತು. ಈಗ ದೊಡ್ಡ ಕಟ್ಟಡಗಳೆಲ್ಲ ಕಬ್ಬಿಣದ ಪೈಪಿಗೆ ಹೋಗಿವೆ. ಸೈಟಿನಲ್ಲಿ ಬಳಸಿ ಬಿಟ್ಟ ಸರ್ವೆ ಸಿಕ್ಕರೆ ಬುಡ ಸುಟ್ಟು ಕರಿ ಮಾಡಿ ಊರಿ, ಸ್ವಲ್ಪ ದಿನ ಜಾಸ್ತಿ ತಡೆಯುತ್ತೆ. ಮೂಲೆ ಕಂಬಕ್ಕೆ, ಗೇಟಿನ ಪಕ್ಕಕ್ಕೆ ಚೆನ್ನಾಗಿರುತ್ತೆ. ಇನ್ನೂರಕ್ಕೆ ಆಗಲ್ಲ.

ಕಲ್ಲು ಕೂಚ ಬಗ್ಗೆ ನನಗೆ ಗೌರವ ಇದೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರಗಳನ್ನ ನೋಡಿ, ಬೆಂಗಳೂರು ನೀಲಿ ದ್ರಾಕ್ಷಿಯನ್ನ ಹೊತ್ತು ನಿಂತಿರೋದು ಕಲ್ಲೇ. ಒಂದು ಸಲ ನೆಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಆದ್ರೆ ಕಲ್ಲು ತಂತಿ ಹಿಡಿಯುತ್ತೆ, ಗಿಡ ಹಿಡಿಯಲ್ಲ. ಕಲ್ಲಿಗೆ ಬಗ್ಗಿಸಿ ಕಟ್ಟಿದ ರೆಂಬೆ ಗಾಳಿಗೆ ಉಜ್ಜಿ ಉಜ್ಜಿ ತೊಗಟೆ ಕಿತ್ತುಕೊಳ್ಳುತ್ತೆ. ಮತ್ತೆ ಕಲ್ಲು ಎಲ್ಲಿಂದಲೋ ಒಡೆದು ಬರೋದು. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ತಿರ ಕ್ವಾರಿಯ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಬೇಲಿಗೆ ಅಷ್ಟು ಬೆಲೆಯ ಗೂಟ ಬೇಕಾ ಅಂತ ಯೋಚನೆ ಬರುತ್ತೆ. ಹೊಲ ಲೇಔಟ್ ಆಗುವಾಗ ಕಿತ್ತು ಹಾಕಿರೋ ಹಳೇ ಕೂಚ ಸಿಕ್ಕರೆ ಬಿಡಬೇಡಿ, ಮೂಲೆಗಳಿಗೆ ನಿಲ್ಲಿಸಿ. ಸಿಮೆಂಟ್ ಕಂಬದ ಬಗ್ಗೆ ಬರೆಯೋಕೆ ಏನೂ ಇಲ್ಲ.

ಉಳಿದಿದ್ದು ಬದುಕೋ ಗೂಟ. ಇದರ ಬಗ್ಗೆ ಮಾತ್ರ ನಿಧಾನವಾಗಿ ಬರೀತೀನಿ.

ಗೂಟ ಊರಿದ್ರೆ ಬೇರು ಬಿಡೋ ಮರಗಳು ನಮ್ಮಲ್ಲಿ ಕಮ್ಮಿ ಇಲ್ಲ. ಗ್ಲಿರಿಸಿಡಿಯ ಅಂದ್ರೆ ಗೊಬ್ಬರದ ಗಿಡ, ಹಾಲುವಾಣ, ನುಗ್ಗೆ, ಮರಹರಳು, ಲಕ್ಕಿ, ದಾಸವಾಳ. ಆಲ, ಗೋಣಿ, ಬಸರಿ ಕೂಡ ತೋಳು ದಪ್ಪದ ಕೊಂಬೆ ಊರಿದ್ರೆ ಹಿಡಿಯುತ್ತೆ, ಆದ್ರೆ ಅವನ್ನ ಹತ್ತು ಗುಂಟೆಯ ಗಡಿಯಲ್ಲಿ ನೆಡಬೇಡಿ, ಮುಂದೆ ಮರ ಇರುತ್ತೆ, ಹೊಲ ಇರಲ್ಲ. ನುಗ್ಗೆ ಮೆದು, ಆಡು ತೊಗಟೆಯನ್ನೂ ಬಿಡಲ್ಲ. ಮರಹರಳನ್ನ ದನ, ಆಡು ಮೂಸಲ್ಲ, ಅದೇ ಅದರ ಗುಣ, ಆದ್ರೆ ಕಾಂಡ ನೀರು ನೀರು, ದಬ್ಬೆ ಬಿಗಿದ್ರೆ ಬಾಗುತ್ತೆ. ಹಾಲುವಾಣ ಮಲೆನಾಡಲ್ಲಿ ರಾಜ, ಕಾಫಿ ತೋಟದ ನೆರಳಿಗೆ, ಮೆಣಸಿನ ಬಳ್ಳಿಗೆ ಅದರ ಗೂಟವನ್ನೇ ಊರ್ತಾರೆ. ನಮ್ಮಲ್ಲಿ ನೀರು ನಿಲ್ಲೋ ಬದುವಲ್ಲಿ ಬುಡ ಕೊಳೆಯುತ್ತೆ. ಎಲ್ಲ ತೂಗಿ ನೋಡಿದ್ರೆ ನಮ್ಮ ಒಣ ಬದುವಿಗೆ ಗ್ಲಿರಿಸಿಡಿಯ ಗೂಟ, ನಡುವೆ ಬಗ್ಗಿಸೋಕೆ ಲಕ್ಕಿ. ಇದು ನನ್ನ ಆಯ್ಕೆ.

"ಗ್ಲಿರಿಸಿಡಿಯ ಪರದೇಶದ್ದು" ಅಂತ ಒಬ್ಬರಾದರೂ ಕಾಮೆಂಟ್ ಹಾಕ್ತೀರಿ, ಗೊತ್ತು. ಹೌದು, ಮೆಕ್ಸಿಕೊ, ಮಧ್ಯ ಅಮೆರಿಕದ್ದು. ಅಲ್ಲಿನ ಜನ ಅದನ್ನ ಇಲಿ ಕೊಲ್ಲೋ ಮರ ಅಂತಾರೆ, ಬೀಜ, ತೊಗಟೆಯನ್ನ ಇಲಿ ಪಾಷಾಣಕ್ಕೆ ಬಳಸ್ತಿದ್ರು. ಟೊಮ್ಯಾಟೊ, ಮೆಣಸಿನಕಾಯಿ, ಲಂಟಾನ, ಕತ್ತಾಳೆ ಎಲ್ಲವೂ ಆ ದಿಕ್ಕಿನಿಂದಲೇ ಬಂದವು. ಲಂಟಾನದ ಹಾಗೆ ಇದು ಕಾಡಿಗೆ ನುಗ್ಗಿ ಹಾಳು ಮಾಡಿದ್ದನ್ನ ನಮ್ಮ ಭಾಗದಲ್ಲಿ ನಾನು ಕಂಡಿಲ್ಲ. ಸೊಪ್ಪು ಹೊಲಕ್ಕೆ ಗೊಬ್ಬರ. ಹೊಂಗೆ ನನಗೂ ಇಷ್ಟ, ಅದರ ನೆರಳಿನಷ್ಟು ತಂಪು ಯಾವುದೂ ಇಲ್ಲ, ಆದ್ರೆ ನಾಲ್ಕಡಿಗೊಂದು ಹೊಂಗೆ ನಿಲ್ಲಿಸಿದ್ರೆ ಆ ತಂಪು ರಾಗಿ ಮೇಲೂ ಬೀಳುತ್ತೆ.

ಗೂಟ ಕಡಿಯೋದರಲ್ಲೇ ಅರ್ಧ ಕೆಲಸ ಕೆಡೋದು. ಎಳೇ ಹಸಿರು ಕೊಂಬೆ ಬೇಡ. ಒಂದು ವರ್ಷ ದಾಟಿ ತೊಗಟೆ ಬೂದಿ ಬಣ್ಣಕ್ಕೆ ತಿರುಗಿ, ಮೇಲೆ ಸಣ್ಣ ಬಿಳಿ ಚುಕ್ಕಿ ಬಂದಿರಬೇಕು. ದಪ್ಪ ಮಚ್ಚಿನ ಹಿಡಿಯಷ್ಟಾದರೂ ಇರಲಿ. ಉದ್ದ ಆರಡಿ, ಅದರಲ್ಲಿ ಒಂದೂಕಾಲು ಅಡಿ ನೆಲದೊಳಗೆ. ಬುಡದ ಕಡೆ ಓರೆ ಕಚ್ಚು, ತುದಿ ಕಡೆಯೂ ಸ್ವಲ್ಪ ಓರೆ, ಮಳೆ ನೀರು ನಿಲ್ಲದ ಹಾಗೆ. ಬುಡ ಯಾವುದು ತುದಿ ಯಾವುದು ಅಂತ ಕಡಿಯುವಾಗಲೇ ಗುರುತು ಇಟ್ಟುಕೊಳ್ಳಿ, ತಲೆಕೆಳಗಾಗಿ ಊರಿದ್ರೆ ಏಳಲ್ಲ. ಕಡಿದ ದಿನವೇ ಊರಬೇಕು ಅಂತಿಲ್ಲ. ನೆರಳಲ್ಲಿ ನಿಲ್ಲಿಸಿ, ಗೋಣಿ ತಾಟು ಹೊದಿಸಿ, ಒಂದು ವಾರ ಹತ್ತು ದಿನ ಇಟ್ಟರೆ ಕಡಿದ ಗಾಯ ಒಣಗುತ್ತೆ. ಊರುವಾಗ ಸುತ್ತಿಗೆಯಲ್ಲಿ ಬಡೀಬೇಡಿ. ಹಾರೆಯಲ್ಲಿ ಗುಂಡಿ ಮಾಡಿ, ಗೂಟ ಇಳಿಸಿ, ಕಾಲಲ್ಲಿ ಮಣ್ಣು ತುಳೀರಿ. ಬಡಿದ್ರೆ ತುದಿ ಸೀಳುತ್ತೆ, ಬುಡದ ತೊಗಟೆ ಜಾರುತ್ತೆ, ತೊಗಟೆ ಜಾರಿದ ಕಡೆ ಬೇರು ಬರಲ್ಲ.

ಭರಣಿಯಲ್ಲಿ ಕಡಿದು ಕೃತ್ತಿಕೆ, ರೋಹಿಣಿಯಲ್ಲಿ ಊರೋದು ಸರಿಯಾದ ಕಾಲ. ಮೊದಲ ವರ್ಷ ತಂತಿ ಮೊಳೆ ಹೊಡೀಬೇಡಿ. ದಬ್ಬೆ ಕಟ್ಟಲೇಬೇಕಿದ್ದರೆ ಹಳೇ ಸೈಕಲ್ ಟ್ಯೂಬ್ ಸೀಳಿ ಕಟ್ಟಿ, ಕಾಂಡ ದಪ್ಪ ಆದಂತೆ ಅದು ಹಿಗ್ಗುತ್ತೆ. ಇನ್ನೊಂದು ವಿಷಯ, ಇದನ್ನ ಬಹಳ ಜನ ಹೇಳಲ್ಲ: ಗೂಟದಿಂದ ಎದ್ದ ಗ್ಲಿರಿಸಿಡಿಯಕ್ಕೆ ತಾಯಿಬೇರು ಇಳಿಯಲ್ಲ, ಬೇರು ಮೇಲೆ ಮೇಲೆ ಹರಡುತ್ತೆ. ಗಾಳಿಗೆ ವಾಲುತ್ತೆ. ಅದಕ್ಕೆ ನಾಲ್ಕೈದು ಗೂಟಕ್ಕೊಂದು ಬೀಜದ ಸಸಿ ಹಾಕಿ. ಬೀಜದ್ದು ಆಳಕ್ಕೆ ಇಳಿದು ಸಾಲನ್ನ ಹಿಡಿಯುತ್ತೆ.

ಈ ಗೂಟಕ್ಕೆ ಮೂಲ ಬೇಕಲ್ಲ, ಅದಕ್ಕೆ ತಾಯಿ ಸಾಲು. ಬಾವಿ ಪಕ್ಕವೋ ದನದ ಕೊಟ್ಟಿಗೆ ಹಿಂದೆಯೋ ಮೂರಡಿಗೊಂದರಂತೆ ಐವತ್ತು ಗಿಡ, ಅಂದ್ರೆ 150 ಅಡಿ ಸಾಲು. ಮೊಣಕಾಲೆತ್ತರಕ್ಕೆ ಕಡಿದು ಬಿಟ್ಟರೆ ಒಂದೊಂದು ಬುಡವೂ ಎರಡು ವರ್ಷಕ್ಕೆ ನಾಲ್ಕೈದು ಒಳ್ಳೆ ಗೂಟ ಕೊಡುತ್ತೆ. ಐವತ್ತು ಗಿಡಕ್ಕೆ ಇನ್ನೂರು ಗೂಟ ದಾಟಿತು. ಒಂದು ಎಕರೆ ಬೇಲಿ. ಬೇಲಿ ಎದ್ದ ಮೇಲೆ ಬೇಲಿಯೇ ತಾಯಿ ಸಾಲು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯೋಕೆ ಅನುಮತಿ ಬೇಕು ಅನ್ನುತ್ತೆ, ಆದ್ರೆ ಅದೇ ಕಾಯ್ದೆ ಹಾಲುವಾಣ, ಗ್ಲಿರಿಸಿಡಿಯ, ಸರ್ವೆ, ಸುಬಾಬುಲ್‌ನಂಥ ಕೆಲವನ್ನ ಆ ಅನುಮತಿಯಿಂದ ಹೊರಗಿಟ್ಟಿದೆ. ಕಾಯ್ದೆ ಬರೆದವರಿಗೆ ರೈತರು ಗೂಟ ಕಡೀತಾರೆ ಅನ್ನೋ ಅರಿವು ಇತ್ತು ಅಂತ ನಾನು ಅಂದ್ಕೊಂಡಿದ್ದೀನಿ. ಬಿದಿರನ್ನ ಕೂಡ, ಕಾಡಿನ ಹೊರಗೆ ಬೆಳೆದದ್ದಾದರೆ, 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆ ತಿದ್ದಿ ಮರದ ಪಟ್ಟಿಯಿಂದ ತೆಗೆದರು. ಹಾಗಾಗಿ ದಬ್ಬೆಗೆ ಎರಡು ಮೆಳೆ ಹಾಕಿಕೊಳ್ಳೋಕೆ ಹೆದರಬೇಕಿಲ್ಲ. ಕಡಿದ ಬಿದಿರನ್ನ ಎರಡು ಮೂರು ವಾರ ನೀರಲ್ಲಿ ನೆನೆಹಾಕಿ, ಒಳಗಿನ ಪಿಷ್ಟ ಹೋದ್ರೆ ಹುಳ ಕಮ್ಮಿ. ಕೆರೆಯಲ್ಲಿ ನೆನೆಹಾಕೋ ಕಾಲ ನಮ್ಮ ಕಡೆ ಹೋಯ್ತು, ತೊಟ್ಟಿಯಲ್ಲಿ ಮಾಡಿ.

ತಾಯಿ ಸಾಲಿಗೂ ಮೊದಲ ಗೂಟ ಬೇಕಲ್ಲಪ್ಪ, ಅದು ಎಲ್ಲಿಂದ? ಇಲ್ಲಿಗೆ ಬಂದಾಗ ನನಗೆ ಕೋಪ ಬರೋದು. ಪ್ರತಿ ವರ್ಷ ಏಪ್ರಿಲ್, ಮೇನಲ್ಲಿ, ಮಳೆ ಗಾಳಿಗೆ ಮುಂಚೆ, ಕರೆಂಟ್ ಲೈನಿಗೆ ತಾಗೋ ಕೊಂಬೆ, ಕಾಂಪೌಂಡ್ ದಾಟಿದ ಕೊಂಬೆ ಎಲ್ಲ ಕಡೀತಾರೆ. ನಮ್ಮ ಸುತ್ತಿನ ಹಳೇ ಕಾರ್ಖಾನೆಗಳ ಹಿಂಬದಿ ಗೋಡೆ ಉದ್ದಕ್ಕೂ, ಖಾಲಿ ಸೈಟುಗಳಲ್ಲಿ, ಗ್ಲಿರಿಸಿಡಿಯ ಬೇಕಾದಷ್ಟಿದೆ. ಫೆಬ್ರವರಿಯಲ್ಲಿ ಎಲೆ ಉದುರಿಸಿ ನಸುಗೆಂಪು ಹೂ ಬಿಟ್ಟಾಗ ಬಸ್ಸಿನಿಂದಲೂ ಗುರುತು ಹಿಡೀಬಹುದು. ಆ ಮರಗಳ ರೆಂಬೆಯೂ ಇದೇ ಏಪ್ರಿಲ್, ಮೇನಲ್ಲಿ ಕಡಿದು ಬೀಳುತ್ತೆ, ನಮಗೆ ಗೂಟ ಬೇಕಿರೋ ಅದೇ ಎರಡು ವಾರದಲ್ಲಿ. ಅದನ್ನ ತುಂಡು ಮಾಡಿ ಟ್ರ್ಯಾಕ್ಟರಿಗೆ ತುಂಬಿ, ಸಾಗಿಸೋಕೆ ಇನ್ನೊಬ್ಬರಿಗೆ ದುಡ್ಡು ಕೊಟ್ಟು, ಎಲ್ಲೋ ಸುರಿದು ಬೆಂಕಿ ಇಡ್ತಾರೆ. ಆರು ಮೈಲಿ ಆಚೆ ಒಬ್ಬ ರೈತ ಸಿಮೆಂಟ್ ಕಂಬಕ್ಕೆ ಮುಂಗಡ ಕೊಡ್ತಿರ್ತಾನೆ.

ಕೇಳಿ ತಗೊಳ್ಳಿ ಅಂತಷ್ಟೇ ನಾನು ಹೇಳೋದು. ಕಾರ್ಖಾನೆಯ ತೋಟದ ಕೆಲಸ ನೋಡಿಕೊಳ್ಳೋರನ್ನ, ಅಪಾರ್ಟ್‌ಮೆಂಟ್ ಸಂಘದವರನ್ನ ಮಾರ್ಚಲ್ಲೇ ಕಂಡು ಹೇಳಿ, "ಆರಡಿ ಉದ್ದಕ್ಕೆ ಕಡಿದು ಒಂದು ಕಡೆ ಇಡಿ, ನಾವೇ ಬಂದು ಒಯ್ತೀವಿ" ಅಂತ. ಸಾಗಣೆ ಖರ್ಚು ಉಳೀತು ಅಂತ ಅವರೂ ಒಪ್ತಾರೆ. ಆದ್ರೆ ರಸ್ತೆ ಮರ, ಕೆರೆ ಏರಿಯ ಮರಕ್ಕೆ ನೀವಾಗಿ ಮಚ್ಚು ಹಾಕಬೇಡಿ. ಅದು ನಮ್ಮ ಸ್ವತ್ತಲ್ಲ. ಗುಲ್‌ಮೊಹರ್, ಮಳೆಮರ, ಹಳದಿ ಹೂವಿನ ಕಾಪರ್‌ಪಾಡ್ ಇವುಗಳ ಕೊಂಬೆ ರಾಶಿಯಲ್ಲಿ ಬಂದ್ರೆ ಗೂಟ ಮಾಡಬೇಡಿ, ಬೇರು ಬಿಡಲ್ಲ. ಬದುವಿನ ಮೇಲೆ ಅಡ್ಡ ಒಟ್ಟಿ, ಗಿಡ ಏಳೋವರೆಗೆ ಆಡು ತಡೆಯೋಕೆ ಸಾಕು. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ಆಲದ ಸಸಿಗಳನ್ನ ಸಾಕಿದ್ದು ನೀರು ಹೊತ್ತು ಮಾತ್ರ ಅಲ್ಲ, ಒಂದೊಂದಕ್ಕೂ ಮುಳ್ಳು ಕಟ್ಟಿ. ಒಣ ಮುಳ್ಳು ಕಾಯೋದು ಎರಡು ವರ್ಷವೇ ಇರಬಹುದು, ಅಷ್ಟರಲ್ಲಿ ಹಸಿ ಗಿಡ ತನ್ನ ಕಾಲ ಮೇಲೆ ನಿಲ್ಲುತ್ತೆ.

ಬೇಲಿಯಿಂದ ಏನು ಮಹಾ ತಡೆಯೋಕಾಗುತ್ತೆ ಅನ್ನೋರಿಗೆ ಒಂದು ಹಳೇ ಸಂಗತಿ. 1791ರ ಮಾರ್ಚಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಕೋಲಾರ, ಹೊಸಕೋಟೆ ದಾರಿಯಾಗಿ, ಅಂದ್ರೆ ನಮ್ಮ ಪಕ್ಕದಲ್ಲೇ ಹಾದು ಬೆಂಗಳೂರಿಗೆ ಹೋಯ್ತು. ಆಗ ಪೇಟೆಯ ಸುತ್ತ ಗೋಡೆ, ಕಂದಕದ ಜೊತೆ ದಟ್ಟ ಮುಳ್ಳುಬೇಲಿಯೂ ಇತ್ತು. ಮಾರನೇ ವರ್ಷ ಶ್ರೀರಂಗಪಟ್ಟಣದಲ್ಲೂ ಅವರು ಮೊದಲು ದಾಟಬೇಕಾಗಿ ಬಂದದ್ದು ಊರ ಹೊರಗಿನ ಬೇಲಿಯನ್ನೇ. ಫಿರಂಗಿ ಇದ್ದವರೂ ಬೇಲಿಯನ್ನ ನಕ್ಷೆಯಲ್ಲಿ ಬರೆದುಕೊಂಡು ಲೆಕ್ಕಕ್ಕೆ ತಗೊಂಡ್ರು. ನಾವು ಫ್ಲೆಕ್ಸ್ ಕಟ್ಟಿಕೊಂಡು ಕೂತಿದ್ದೀವಿ.

ಇನ್ನು ಕಷ್ಟದ ಭಾಗ. ದೊಡ್ಡನೆಕ್ಕುಂದಿ, ಚಿನ್ನಪ್ಪನಹಳ್ಳಿ, ಮುನ್ನೇಕೊಳಾಲ ಸುತ್ತ ಈಗ ಸೊಪ್ಪು ಬೆಳೆಯೋರಲ್ಲಿ ಜಮೀನಿನ ಮಾಲೀಕರು ಕಮ್ಮಿ. ಕಟ್ಟಡ ಏಳೋವರೆಗೆ ಅಂತ ವರ್ಷ ವರ್ಷಕ್ಕೆ ಬಾಯಿಮಾತಿನ ಗುತ್ತಿಗೆ. ಅವರಿಗೆ "ಬದುಕೋ ಗೂಟ ಊರಿ" ಅಂತ ಹೇಳೋದು ಸುಲಭ. ಊರಿದ ಗೂಟ ಚಿಗುರಿದ ದಿನ ಮಾಲೀಕನಿಗೆ ಭಯ, ಇವನು ಇಲ್ಲೇ ಬೇರು ಬಿಡ್ತಾನಾ ಅಂತ. ಆ ಭಯಕ್ಕೆ ಕಾನೂನಿನಲ್ಲಿ ಆಧಾರ ಇದೆಯೋ ಇಲ್ವೋ ಬೇರೆ ಮಾತು, ಮುಂದಿನ ವರ್ಷದ ಗುತ್ತಿಗೆ ಹೋಗೋದಂತೂ ಖಂಡಿತ. ಬೇಲಿ ಇಲ್ಲದ ಮಡಿಗೆ ಬೀದಿ ದನ ಬರುತ್ತೆ, ರಾತ್ರಿ ಕಸದ ಗಾಡಿ ಬರುತ್ತೆ, ಬೆಳಿಗ್ಗೆ ದಂಟಿನ ಸೊಪ್ಪಿನ ಮೇಲೆ ಕಟ್ಟಡದ ಅವಶೇಷ ಸುರಿದಿರುತ್ತೆ. ಒಂದು ರಾತ್ರಿಗೆ ನಲವತ್ತು ದಿನದ ದುಡಿಮೆ ಹೋಗುತ್ತೆ. ಇವರಿಗೆ ಬೇಕಾದ್ದು ಸತ್ತ ಗೂಟವೇ, ಪ್ರತಿ ವರ್ಷ ಹೊಸದು, ಕಡಿಮೆ ಖರ್ಚಲ್ಲಿ. ಅದು ಬರಬೇಕಾದ್ದು ಸ್ವಂತ ಜಮೀನು ಉಳಿಸಿಕೊಂಡ ನಮ್ಮಂಥವರ ಬೇಲಿಯಿಂದ. ಕಡಿದ ಗೂಟದ ತೊಗಟೆ ಸುಲಿದು ಬಿಸಿಲಲ್ಲಿ ಒಣಗಿಸಿ ಕೊಟ್ಟರೆ ಅದು ಚಿಗುರಲ್ಲ, ಒಂದು ವರ್ಷ ನಿಲ್ಲುತ್ತೆ. ಲಂಟಾನ ಕೋಲು ಕೂಡ ಆಗುತ್ತೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದನ್ನ ಬೇಯಿಸಿ ತೊಗಟೆ ಸುಲಿದು ಕುರ್ಚಿ, ಬುಟ್ಟಿ ಮಾಡ್ತಾರೆ. ಅಷ್ಟು ಬಾಳಿಕೆಯ ಕಡ್ಡಿ ನಮ್ಮ ದಬ್ಬೆಯ ಜಾಗದಲ್ಲಿ ಕೂರೋಕೆ ಏನೂ ಅಡ್ಡಿಯಿಲ್ಲ.

ಅದಕ್ಕೇ ಸ್ವಂತ ಜಮೀನು ಇರೋರು ಸ್ಲ್ಯಾಬ್ ಗೋಡೆ ಹಾಕಿದ್ರೆ ನಾನು ಅದನ್ನ ಅವರ ಇಷ್ಟ ಅಂತ ಸುಮ್ಮನೆ ಬಿಡಲ್ಲ, ಮುಖಕ್ಕೇ ಹೇಳ್ತೀನಿ. ಗೋಡೆ ಹಾಕೋ ಶಕ್ತಿ ಇರೋನು ಗೋಡೆ ಹಾಕಿದಷ್ಟೂ, ಅದಿಲ್ಲದವನಿಗೆ ಗೂಟ ದೂರ ಆಗುತ್ತೆ. ಗೋಡೆ ಬೇಕೇ ಬೇಕಾದ್ರೆ ರಸ್ತೆ ಕಡೆಗೆ ಹಾಕಿಕೊಳ್ಳಿ, ಉಳಿದ ಮೂರು ಮಗ್ಗುಲು ಬೇಲಿ ಬಿಡಿ. ಬಾಂದು ಕಲ್ಲಿನಿಂದ ಎರಡಡಿ ಒಳಗೆ ಸಾಲು ಹಿಡೀರಿ, ಆಗ ಪಕ್ಕದವನ ಜೊತೆ ತಕರಾರೂ ಇರಲ್ಲ, ಬಗ್ಗಿಸೋಕೆ ಆ ಕಡೆಗೂ ಕೈ ಆಡುತ್ತೆ. ಬೇಲಿ ಸಾಲಿನಲ್ಲಿ ತೊಂಡೆ ಹಬ್ಬಿಸಿ, ಬುಡದಲ್ಲಿ ಬೆರಕೆ ಸೊಪ್ಪು ತಾನಾಗೇ ಬರುತ್ತೆ, ಓತಿಕ್ಯಾತ, ಮುಂಗುಸಿ, ಕೆಂಬೂತ ಬಂದು ಸೇರಿಕೊಳ್ತಾವೆ. ಇಲಿ ಕಾಟ ಕಮ್ಮಿಯಾದ್ದನ್ನ ಹೊಲದಲ್ಲಿ ನೋಡಿದವರಿಗೆ ಬೇರೆ ಹೇಳಬೇಕಿಲ್ಲ.

ಕೆರೆ ಸುತ್ತ ಚೈನ್‌ಲಿಂಕ್ ಹಾಕೋ ಕೆಲಸಕ್ಕೂ ಇದೇ ಮಾತು. ತಂತಿ ಕಳ್ಳತನ ಆಗುತ್ತೆ, ತುಕ್ಕು ಹಿಡಿಯುತ್ತೆ. ಅದರ ಒಳಮಗ್ಗುಲಿಗೆ ಒಂದು ಸಾಲು ಗ್ಲಿರಿಸಿಡಿಯ, ಲಕ್ಕಿ ಇದ್ದರೆ ತಂತಿ ಹೋದ ಮೇಲೂ ಬೇಲಿ ಇರುತ್ತೆ, ಮತ್ತೆ ವರ್ಷಕ್ಕೊಮ್ಮೆ ಸವರಿದ ಗೂಟವನ್ನ ಸುತ್ತಲಿನ ಸೊಪ್ಪಿನ ಮಡಿಯವರಿಗೆ ಕೊಡಬಹುದು. ಕೆರೆ ಸಮಿತಿಗಳಲ್ಲಿ ಇರೋರು ಈ ಪುಟ ಓದ್ತಿದ್ದರೆ ಮುಂದಿನ ಸಭೆಯಲ್ಲಿ ಇದನ್ನ ಎತ್ತಿ.

ನಮ್ಮ ಸಾಲಿನ ಕಟಾವು ಮೇ ಮೊದಲ ವಾರ. ಈ ಸಲ ನೂರಿಪ್ಪತ್ತರ ಹತ್ತಿರ ಗೂಟ ಆಗುತ್ತೆ, ಅದರಲ್ಲಿ ಅರ್ಧ ತೊಗಟೆ ಸುಲಿದು ಒಣಗಿಸೋದು ಗುತ್ತಿಗೆಯವರಿಗೆ, ಅರ್ಧ ಹಸಿಯಾಗಿ ಊರೋಕೆ. ಬೇಕಾದವರು ಬರುವಾಗ ಹಳೇ ಸೈಕಲ್ ಟ್ಯೂಬ್ ಇದ್ರೆ ತನ್ನಿ, ಇಲ್ಲಿ ಮುಗಿದಿದೆ.